ಆಚೆಮನೆ ಅಕ್ಕನ ಸೋರೆಬುರುಡೆ

ಹೋದ ತಿಂಗಳು ದಾಂಡೇಲಿ ಹತ್ತಿರದ ಮೌಳಂಗಿಯಲ್ಲಿ, ಹೊಳೆದಂಡೆಯ ಪಾರ್ಕಿನ ಗೇಟಿನ ಹೊರಗೆ ಒಬ್ಬಾತ ಸೋರೆಬುರುಡೆ ಮಾರುತ್ತ ಕೂತಿದ್ದ. ಒಣಗಿದ ಬುರುಡೆಗೆ ಪಾಲಿಶ್ ಹೊಡೆದು, ಮೈತುಂಬ ಹೂವಿನ ಆಕಾರದ ತೂತು ಕೊರೆದು, ಒಳಗೊಂದು ಬಲ್ಬು ಇಟ್ಟಿದ್ದ. ಮುಂಡಗೋಡದಿಂದ ಬಂದಿದ್ದ ನಮ್ಮ ಅತ್ತಿಗೆ ಎಷ್ಟು ಛಂದ ಐತಿ ನೋಡು ಎಂದು ಒಂದನ್ನು ಎತ್ತಿ ನನ್ನ ಕೈಗೆ ಕೊಟ್ಟಳು. ನಾನು ಅದನ್ನು ಮೂಗಿಗೆ ಹಿಡಿದೆ. ಪಾಲಿಶಿನ ಘಾಟಿನ ಅಡಿಯಲ್ಲಿ, ಒಳಗೆಲ್ಲೋ, ಒಲೆಯ ಹೊಗೆಯ ವಾಸನೆ ಇನ್ನೂ ಉಳಿದಿತ್ತು. ಅಷ್ಟೇ ಸಾಕಾಯಿತು ನನಗೆ. ಮಂದಿ ನೋಡುತ್ತಾರೆ ಅನ್ನುವ ಖಬರಿಲ್ಲದೆ ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ. ಪಾಪ, ಅತ್ತಿಗೆ ಬಿಸಿಲು ತಾಗಿತೆಂದುಕೊಂಡು ನೀರಿನ ಬಾಟಲಿ ತರಲು ಓಡಿದಳು.

ತೂತು ಕೊರೆದರೆ ಬುರುಡೆ ತೇಲುವುದಿಲ್ಲ ಮಾರಾಯ ಎಂದು ಆತನಿಗೆ ಹೇಳಬೇಕು ಅನಿಸಿತ್ತು. ಹೇಳಿ ಏನು ಮಾಡುವುದು... ಆತನ ಬುರುಡೆ ತೇಲಬೇಕಾಗಿಯೂ ಇರಲಿಲ್ಲ.

ನನ್ನ ಎರಡೂ ಮಕ್ಕಳು ಚಿಕ್ಕವರಿದ್ದಾಗ ನಾವು ಕೆಲವು ವರ್ಷ ಕಾಳಿ ಹೊಳೆಯ ನಡುಗಡ್ಡೆಯೊಂದರ ಮೇಲೆ ಸಂಸಾರ ಮಾಡಿದ್ದೆವು. ಈಗ ಯಾರಿಗಾದರೂ ಹೀಗೆಂದರೆ ಎಂಥ ಪುಣ್ಯ ಮಾಡಿದ್ದಿರಿ ಅನ್ನುತ್ತಾರೆ. ಪುಣ್ಯವೂ ಇಲ್ಲ, ಮಣ್ಣೂ ಇಲ್ಲ. ಕೋಗಿಲಬನದ ಕೆಳಗೆ ಹೊಳೆ ಎರಡಾಗಿ ಒಡೆದು ಮತ್ತೆ ಕೂಡುವಲ್ಲಿ ಆ ನಡುಗಡ್ಡೆ. ಯಾರೋ ಸಾಹುಕಾರರು ಪ್ರವಾಸಿಗರಿಗೆಂದು ಅಲ್ಲಿ ಬಿದಿರಿನ ಕೋಣೆಗಳನ್ನು ಕಟ್ಟಿಸಿದ್ದರು. ನಮ್ಮವರಿಗೆ ಅವನ್ನು ನೋಡಿಕೊಳ್ಳುವ ಕೆಲಸ, ನನಗೆ ಅಡುಗೆ. ಮುಂಡಗೋಡದ ಕಡೆಯ ಹಳ್ಳಿಯವಳು ನಾನು, ಕೆರೆಯ ಮೆಟ್ಟಿಲು ಇಳಿಯಲೂ ಹೆದರುತ್ತಿದ್ದವಳು. ಇಲ್ಲಿ ನೋಡಿದರೆ ನಾಲ್ಕೂ ಕಡೆ ನೀರು. ಮಗನೋ ಒಂದು ಗಳಿಗೆ ಕೂತಲ್ಲಿ ಕೂರುವವನಲ್ಲ, ಮಗಳು ಆಗತಾನೆ ಓಡಲು ಕಲಿತಿದ್ದಳು. ನಾನು ಹಳೆಯ ಸೀರೆಯ ಒಂದು ತುದಿಯನ್ನು ಮಗಳ ಸೊಂಟಕ್ಕೂ ಇನ್ನೊಂದನ್ನು ನನ್ನ ಸೊಂಟಕ್ಕೂ ಕಟ್ಟಿಕೊಂಡು ರೊಟ್ಟಿ ಬಡಿಯುತ್ತಿದ್ದೆ.

ನಡುಗಡ್ಡೆಯ ಆಚೆ ತುದಿಯಲ್ಲಿ ಇನ್ನೊಂದೇ ಮನೆ. ಅದು ಆಚೆಮನೆ, ಅಲ್ಲಿದ್ದವಳು ನನಗೆ ಆಚೆಮನೆ ಅಕ್ಕ. ಸಿದ್ದಿ ಜನ, ಇಗರ್ಜಿಗೆ ನಡೆದುಕೊಳ್ಳುವ ಕ್ರಿಶ್ಚಿಯನ್ನರು. ಗಂಡ ಗೋವೆಯಲ್ಲಿ ದುಡಿಯುತ್ತಿದ್ದ, ಹಬ್ಬಕ್ಕೆ ಬಂದು ಹೋಗುತ್ತಿದ್ದ. ಅಕ್ಕ ಮಗಳನ್ನೂ ಮಗನನ್ನೂ ಇಟ್ಟುಕೊಂಡು, ತುಸು ಗದ್ದೆ ಮಾಡಿಕೊಂಡು, ನಮ್ಮ ಕೋಣೆಗಳ ಕಸ ಮುಸುರೆ ಮಾಡುತ್ತಿದ್ದಳು. ನನ್ನ ಸೀರೆ ಕಟ್ಟಿಕೊಂಡ ಅವತಾರ ಮೊದಲ ಸಲ ಕಂಡಾಗ ಬಾಗಿಲಲ್ಲೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಿನಗ ಈಸು ಬರೂದಿಲ್ಲ, ಕೂಸಿಗೂ ಬರೂದಿಲ್ಲ. ಅದು ಬಿದ್ರ ನೀನೂ ಬೀಳ್ತಿ. ಹಗ್ಗ ಯಾತಕ್ಕ ಬೇಕು?"

ನನಗೆ ಸಿಟ್ಟು ಬಂತು. ಎರಡು ದಿನ ಮಾತು ಬಿಟ್ಟೆ. ಅವಳು ಮಾತು ಬಿಡಲಿಲ್ಲ, ಮೂರನೆಯ ದಿನ ಎರಡು ಸೋರೆಬುರುಡೆ ತಂದು ನನ್ನ ಕಟ್ಟೆಯ ಮೇಲಿಟ್ಟಳು. ಅವಳ ಮನೆಯ ಮಾಡಿನ ಮೇಲೆ ಸೋರೆಬಳ್ಳಿ ಹಬ್ಬಿರುತ್ತಿತ್ತು. ಬಲಿತ ಕಾಯಿಗಳನ್ನು ಒಲೆಯ ಮೇಲಿನ ಅಟ್ಟಕ್ಕೆ ತೂಗುಹಾಕಿ, ಅಲ್ಲಾಡಿಸಿದರೆ ಬೀಜ ಗಲಗಲ ಅನ್ನುವವರೆಗೆ ಹೊಗೆ ಕುಡಿಸುತ್ತಿದ್ದಳು. ಆಮೇಲೆ ಒಂದೊಂದು ಮಗುವಿಗೆ ಒಂದೊಂದು ಬುರುಡೆ. ಬೆನ್ನಿಗೆ ಹಳೆ ಸೀರೆಯ ಪಟ್ಟಿಯಿಂದ ಬಿಗಿದು ನೀರಿಗೆ ಬಿಟ್ಟರೆ ಮಗು ಮುಳುಗುವುದಿಲ್ಲ, ಕೈಕಾಲು ಬಡಿಯುತ್ತ ತಾನೇ ಕಲಿಯುತ್ತದೆ. ಬುರುಡೆಯಿಲ್ಲದೆ ಈಜಲು ಬಂದ ದಿನ ಅದನ್ನು ಒಡೆದು, ಬೀಜವನ್ನು ಮಗುವಿನ ಕೈಯಿಂದಲೇ ಬಿತ್ತಿಸುವುದು ಅವಳ ಮನೆಯ ರೂಢಿ. ಮುಂದಿನ ಮಗುವಿನ ಬುರುಡೆ ಆ ಬಳ್ಳಿಯಲ್ಲೇ ಆಗುತ್ತಿತ್ತು.

ಮೊಸಳೆ ಬಿಸಿಲಿಗೆ ಮಲಗುವ ಬಂಡೆ ದೊಡ್ಡ ಹರಿವಿನ ಕಡೆ ಇತ್ತು, ಮಕ್ಕಳು ಇಳಿಯುತ್ತಿದ್ದದ್ದು ಬೆಣಚುಕಲ್ಲಿನ ಸಣ್ಣ ಹರಿವಿಗೆ. ಅಕ್ಕ ಸೊಂಟದ ನೀರಿನಲ್ಲಿ ನಿಂತು ನಾಲ್ಕೂ ಮಕ್ಕಳನ್ನು ಕಾಯುತ್ತಿದ್ದಳು. ಅವಳಿಗಿಂತ ಹೆಚ್ಚು ಕಲಿಸಿದವನು ಅವಳ ಮಗ. ಐದು ವರ್ಷದವನು, ಮೀನಿನ ಮರಿ. ನನ್ನ ಮಗಳ ಗದ್ದಕ್ಕೆ ಕೈ ಕೊಟ್ಟು, ದೊಡ್ಡ ಮನುಷ್ಯನ ಗತ್ತಿನಲ್ಲಿ, ಕಾಲು ಬಡಿ ಕಾಲು ಬಡಿ ಅನ್ನುತ್ತಿದ್ದ. ಬೆಳಿಗ್ಗೆ ಎದ್ದವನೇ ನನ್ನ ಅಡುಗೆಮನೆಗೆ ಬಂದು ಸುಟ್ಟ ರೊಟ್ಟಿ ಐತೇನು ಎಂದು ಕೇಳುತ್ತಿದ್ದ. ಅವನಿಗೆ ಕರಕಾದ ಅಂಚೇ ಬೇಕು. ಅವನಿಗೋಸ್ಕರ ನಾನು ದಿನವೂ ಒಂದು ರೊಟ್ಟಿಯನ್ನು ಬೇಕೆಂದೇ ಸುಡುತ್ತಿದ್ದೆ. ಆ ಬೇಸಿಗೆಯಲ್ಲಿ ಅವನು ಬುರುಡೆ ಬಿಚ್ಚಿಟ್ಟು ಈಜಿದ. ಆದರೆ ಒಡೆಯಲು ಬಿಡಲಿಲ್ಲ, ಅಪ್ಪ ಗೋವೆಯಿಂದ ಬರಲಿ, ಅಪ್ಪನ ಎದುರಿಗೇ ಒಡೆಯಬೇಕು ಎಂದು ಹಟ ಹಿಡಿದ.

ಇನ್ನೊಂದು ನಿಯಮವನ್ನೂ ಅಕ್ಕ ನಮಗೆಲ್ಲ ಹಾಕಿದ್ದಳು. ಹೊಳೆ ದಾಟಿದವರು ಆಚೆ ದಡ ಮುಟ್ಟಿದೊಡನೆ ಉದ್ದಕ್ಕೆ ಕೂ... ಎಂದು ಕೂಗಬೇಕು. ಕೂಗಿದರೆ ಸುಖವಾಗಿ ಮುಟ್ಟಿದರು ಎಂದು ತಿಳಿಯಬೇಕು. ಕೂಗು ಬರದಿದ್ದರೆ ಈಚೆಗಿದ್ದವರು ನೀರಿಗಿಳಿದು ಹುಡುಕಬೇಕು. ಪೇಟೆಗೆ ಹೋದ ನಮ್ಮವರು ನಾಚಿಕೆಯಿಂದ ಸಣ್ಣಗೆ ಕೂಗಿದರೆ, ಸಂಜೆ ಬಂದ ಮೇಲೆ ಅವರಿಗೂ ಬೈಗುಳ ತಪ್ಪುತ್ತಿರಲಿಲ್ಲ.

ಆ ವರ್ಷ ಆಷಾಢದ ಮಳೆ ಹಿಡಿದದ್ದು ಬಿಡಲಿಲ್ಲ. ಪ್ರವಾಸಿಗರು ಇರಲಿಲ್ಲ. ನಮ್ಮವರು ಅಕ್ಕಿ ಎಣ್ಣೆ ತರಲೆಂದು ದಾಂಡೇಲಿಗೆ ಹೋದವರು, ಹೊಳೆ ಒಮ್ಮೆಲೇ ಏರಿ ಆಚೆಯೇ ಉಳಿದರು. ಆಚೆ ದಡದಲ್ಲಿ ಕಟ್ಟಿದ್ದ ನಮ್ಮ ಒಂದೇ ದೋಣಿ ಹಗ್ಗ ಹರಿದುಕೊಂಡು ಹೋಗಿತ್ತು. ಫೋನಿತ್ತು, ಸಿಗ್ನಲ್ ಇರಲಿಲ್ಲ. ನಡುಗಡ್ಡೆಯ ಮೇಲೆ ನಾವಿಬ್ಬರು ಹೆಂಗಸರು, ನಾಲ್ಕು ಮಕ್ಕಳು. ಅದೇ ಹೊತ್ತಿಗೆ ಅಕ್ಕನ ಮಗನಿಗೆ ಜ್ವರ ಬಂತು. ಮೊದಲ ದಿನ ಕಷಾಯ, ತಣ್ಣೀರ ಬಟ್ಟೆ ಆಯಿತು. ಮರುದಿನ ಬೆಳಗಾಗುವಾಗ ಜ್ವರ ನೆತ್ತಿಗೇರಿ ಅವನ ಕೈಕಾಲು ಸೆಟೆದುಕೊಂಡವು, ಕಣ್ಣು ಮೇಲೆ ಸಿಕ್ಕಿಕೊಂಡವು. ಸೆಟೆತ ಇಳಿದ ಮೇಲೆ ಅವನು ನನ್ನ ಮುಖ ನೋಡಿದ, ಗುರುತು ಹಿಡಿಯಲಿಲ್ಲ.

ಅಕ್ಕ ಅಳಲಿಲ್ಲ. ನೇರ ನಮ್ಮ ಅಡುಗೆಮನೆಗೆ ಹೋಗಿ, ಗುಂಪು ಬಂದಾಗ ಅನ್ನ ಬೇಯಿಸುವ ದೊಡ್ಡ ಅಲ್ಯುಮಿನಿಯಂ ಡಬರಿಯನ್ನು ಎಳೆದುಕೊಂಡು ಬಂದಳು. "ನಿನ್ನ ಹುಡುಗರ ಬುರುಡಿ ಕೊಡು ತಂಗಿ," ಅಂದಳು. ನಾನು ಬೇಡ ಅಂದೆ, ಕೈ ಹಿಡಿದೆ, ನೀರು ಇಳಿಯಲಿ ಅಂದೆ. ಅವಳು ಹೊಳೆಯನ್ನೊಮ್ಮೆ ನೋಡಿ, ಅದು ಇಳಿಯೂತನಕ ಇವ ಇರೂದಿಲ್ಲ ಅಂದಳು. ಆಮೇಲೆ ನಾನೇ ಬುರುಡೆ ಕಟ್ಟಿಕೊಟ್ಟೆ. ನನ್ನ ಮಕ್ಕಳವು ಎರಡು, ಅವನದೊಂದು, ಅಟ್ಟದಿಂದ ತೆಗೆದ ಹೊಸದೊಂದು, ನಾಲ್ಕನ್ನೂ ಡಬರಿಯ ಕಂಠದ ಸುತ್ತ ಬಿಗಿದೆವು. ಒಳಗೆ ಕೌದಿ ಹಾಸಿ, ಅವನನ್ನು ಮಲಗಿಸಿ, ಮೇಲೆ ತಾಡಪತ್ರಿ ಹೊದಿಸಿದೆವು. ಅವನ ಒಂದು ಕೈ ಮಾತ್ರ ಹೊರಗಿತ್ತು, ಅದು ಅಕ್ಕನ ಬೆರಳು ಹಿಡಿದುಕೊಂಡಿತ್ತು. ಅಕ್ಕ ಎದೆಯಿಂದ ಡಬರಿಯನ್ನು ದೂಡುತ್ತ, ಕಾಲು ಬಡಿಯುತ್ತ ಹೋದಳು. ಕೆಂಪು ನೀರಿನಲ್ಲಿ ತುಸು ದೂರ ಕಂಡರು. ಆಮೇಲೆ ಮಳೆಯಲ್ಲಿ ಕಾಣಲಿಲ್ಲ.

ನಾನು ಮೂರು ಮಕ್ಕಳನ್ನು ಅವಚಿಕೊಂಡು ದಂಡೆಯ ಮೇಲೆ ನಿಂತಿದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಕೂಗು ಬರಲಿಲ್ಲ... ಬರಲೇ ಇಲ್ಲ. ನಾನು ಅಕ್ಕನ ಮಗಳ ಕೈಗೆ ನನ್ನ ಮಗಳ ಕೈ ಕೊಟ್ಟು, ಸೀರೆ ಎತ್ತಿ ಕಟ್ಟಿ, ಮೊಣಕಾಲಿನವರೆಗೆ ನೀರಿಗಿಳಿದಿದ್ದೆ. ಆಗ ಬಂತು, ಬಹಳ ಕೆಳಗಿನಿಂದ, ಉದ್ದಕ್ಕೆ, ಸ್ಪಷ್ಟವಾಗಿ. ಕೂ... ಅಕ್ಕನ ಮಗಳು ಚಪ್ಪಾಳೆ ತಟ್ಟಿದಳು. ನಾನು ಕೆಸರಿನಲ್ಲೇ ಕುಸಿದು ಕೂತು ನಕ್ಕೆ. ಅವತ್ತು ಮಕ್ಕಳಿಗೆ ಬೆಲ್ಲ ಹಾಕಿ ರೊಟ್ಟಿ ಮುರಿದು ಕೊಟ್ಟೆ. ಅಕ್ಕನ ಮಗಳು ಒಂದು ಸುಟ್ಟ ರೊಟ್ಟಿ ಮಾಡಿಸಿ, ತಮ್ಮನಿಗೆಂದು ಬಟ್ಟೆಯಲ್ಲಿ ಸುತ್ತಿಟ್ಟಳು.

ನೀರು ಇಳಿದ ಮೇಲೆ ನಮ್ಮವರು ಬೇರೆಯವರ ದೋಣಿಯಲ್ಲಿ ಅಕ್ಕನನ್ನು ಕರೆದುಕೊಂಡು ಬಂದರು. ಅವರ ಮುಖ ನೋಡಿದೊಡನೆ ನನಗೆ ತಿಳಿಯಿತು. ಮಗನನ್ನು ಆಚೆಯೇ, ಇಗರ್ಜಿಯ ಹಿಂದಿನ ಮಣ್ಣಿಗೆ ಕೊಟ್ಟು ಬಂದಿದ್ದರು. ಅಕ್ಕ ದೋಣಿಯಿಂದ ಇಳಿದು ನನ್ನ ಹತ್ತಿರ ಬಂದಳು. ಡಬರಿಯನ್ನು ತಿಕ್ಕಿ ತೊಳೆದು ತಂದಿದ್ದಳು. ಎರಡು ಬುರುಡೆಗಳನ್ನು ನನ್ನ ಕೈಗಿಟ್ಟಳು.

"ತಗೋ. ನಿನ್ನ ಹುಡುಗರು ಇನ್ನೂ ಕಲೀಬೇಕಲ್ಲ."

ಆ ಡಬರಿಯಲ್ಲಿ ಆಮೇಲೆ ನಾನು ಅನ್ನ ಮಾಡಲಿಲ್ಲ, ಸೋರುತ್ತದೆ ಎಂದು ಸಾಹುಕಾರರಿಗೆ ಸುಳ್ಳು ಹೇಳಿ ಗುಜರಿಗೆ ಹಾಕಿಸಿದೆ. ಮಗನ ಬುರುಡೆಯನ್ನು ಅಕ್ಕ ಒಲೆಯ ಮೇಲೆ ತೂಗುಹಾಕಿದಳು. ದೀಪಾವಳಿ ಕಳೆದು ಹೊಳೆ ತಿಳಿಯಾದಾಗ ಹೇಳಿದ ಮಾತಿನಂತೆ ನನ್ನ ಮಕ್ಕಳನ್ನು ಮತ್ತೆ ನೀರಿಗಿಳಿಸಿದಳು. ಮಗಳ ಗದ್ದಕ್ಕೆ ಈಗ ಅವಳೇ ಕೈ ಕೊಡುತ್ತಿದ್ದಳು.

ಅಂಥ ಒಂದು ಮಧ್ಯಾಹ್ನ, ಕಲ್ಲಿನ ಮೇಲೆ ಕೂತಿದ್ದ ನಾನು ಕೇಳಿಬಿಟ್ಟೆ. ಇಷ್ಟು ದಿನ ನುಂಗಿಕೊಂಡಿದ್ದ ಮಾತು.

"ಅಕ್ಕಾ, ದಂಡಿ ಮುಟ್ಟಿದ್ರಿ. ಕೂಗಿದ್ರಿ. ಆಮ್ಯಾಲೆ ದವಾಖಾನಿಗೆ ಒಯ್ಯೂದ್ರೊಳಗ ಏನಾತು?"

ಅವಳು ನನ್ನ ಮಗಳ ಬೆನ್ನಿನ ಪಟ್ಟಿ ಬಿಗಿಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

"ನಡು ಹೊಳಿಯಾಗ ಅವ ನನ್ನ ಬೆರಳು ಬಿಟ್ಟ. ದಂಡಿ ಮುಟ್ಟೂದ್ರಾಗ ತಣ್ಣಗಾಗಿದ್ದ."

"ಮತ್ತ... ಕೂಗಿದ್ರಲ್ಲ?"

"ಕೂಗ್ಲಿಲ್ಲಂದ್ರ ನೀ ನೀರಿಗಿಳೀತಿದ್ದಿ. ನಿನಗ ಈಸು ಬರೂದಿಲ್ಲ. ಹಿಂದ ಮೂರು ಕೂಸು."

ಇಷ್ಟು ಹೇಳಿ ಮಗಳನ್ನು ಹರಿವಿಗೆ ಬಿಟ್ಟಳು. ಮರುದಿನ ಸೀರೆಯ ಕಚ್ಚೆ ಹಾಕಿಕೊಂಡು ನಾನೂ ನೀರಿಗಿಳಿದು ನಿಂತೆ. ಅವಳು ನನ್ನ ಬೆನ್ನಿಗೆ ಎರಡು ಬುರುಡೆ ಬಿಗಿದಳು. ಹೆಣದ ಹಾಗೆ ತೇಲಬೇಡ, ಕಾಲು ಬಡಿ ಎಂದು ಬೈದಳು ಕೂಡ. ಆ ಚಳಿಗಾಲ ಮುಗಿಯುವುದರೊಳಗೆ ನನಗೆ ಈಜು ಬಂತು. ಇನ್ನು ಯಾರಿಗೂ ನನಗಾಗಿ ಹಾಗೆ ಕೂಗುವ ಗತಿ ಬರಬಾರದು ಎಂದಿತ್ತು ನನಗೆ.

ಆಮೇಲೆ ಕೋಣೆಗಳು ಮುಚ್ಚಿದವು. ನಾವು ಹಳಿಯಾಳಕ್ಕೆ ಬಂದೆವು. ಅಕ್ಕ ಮಗಳ ಮದುವೆ ಮಾಡಿ, ಅವಳ ಜೊತೆ ಹಳಿಯಾಳದ ಕಡೆಯ ಒಂದು ಹಳ್ಳಿಗೆ ಹೋದಳು. ಕ್ರಿಸ್‌ಮಸ್‌ಗೆ ನಾನು ಹೋಗುತ್ತಿದ್ದೆ, ನಮ್ಮ ಪಂಚಮಿಗೆ ಅವಳು ಬರುತ್ತಿದ್ದಳು. ನನ್ನ ಮಗ ಈಗ ದಾಂಡೇಲಿಯಲ್ಲಿ ಪ್ರವಾಸಿಗರನ್ನು ರಾಫ್ಟಿನಲ್ಲಿ ಕೂರಿಸಿಕೊಂಡು ಅದೇ ಹೊಳೆಯಲ್ಲಿ ಇಳಿಯುತ್ತಾನೆ. ಅವನನ್ನು ಕಂಡಾಗಲೆಲ್ಲ ಅಕ್ಕ ತೋಳು ಹಿಂಡಿ ನೋಡುತ್ತಿದ್ದಳು, ಕೋಳಿ ಕೊಳ್ಳುವವರ ಹಾಗೆ. ಒಮ್ಮೆ, ಅವ ಇದ್ದಿದ್ರೂ ಇಷ್ಟ ಎತ್ತರ ಆಗ್ತಿದ್ದ ಅಂದಳು. ಒಂದೇ ಒಂದು ಸಲ...

ಈ ಮಳೆಗಾಲದಲ್ಲಿ ಅಕ್ಕ ತೀರಿಕೊಂಡಳು. ಮಗಳ ಫೋನು ಬಂದಾಗ ಮಣ್ಣು ಮುಗಿದಿತ್ತು. ನಾನು ಹೋಗಿ ಖಾಲಿ ಜಗಲಿಯಲ್ಲಿ ಕೂತು ಬಂದೆ. ಒಳಗೆ ಒಲೆಯ ಮೇಲೆ ಆ ಬುರುಡೆ ಕಪ್ಪಾಗಿ ಇನ್ನೂ ತೂಗುತ್ತಿತ್ತು. ಒಡೆದಿರಲಿಲ್ಲ. ಇದನ್ನೇನು ಮಾಡಲಿ ಚಿಗವ್ವಾ ಎಂದು ಮಗಳು ಕೇಳಿದಳು. ಸದ್ಯಕ್ಕೆ ಅಲ್ಲೇ ಇರಲಿ ಅಂದೆ.

ಮೌಳಂಗಿಯಲ್ಲಿ ಅವತ್ತು ಅತ್ತಿಗೆ ಆ ದೀಪದ ಬುರುಡೆ ಕೊಂಡೇಬಿಟ್ಟಳು. ಅವಳು ಅದನ್ನು ಕಾಗದದಲ್ಲಿ ಸುತ್ತಿಸುತ್ತಿದ್ದಾಗ ನಾನು ಒಬ್ಬಳೇ ದಂಡೆಗಿಳಿದೆ. ದಾಟಿದವರು ಆಚೆಯಿಂದ ಕೂಗಬೇಕು ಎಂದು ನಿಯಮ ಹಾಕಿದವಳು ಅಕ್ಕನೇ. ಅವಳು ಹೋದಾಗಿನಿಂದ ಹೊಳೆ ಕಂಡಲ್ಲೆಲ್ಲ ನಿಂತು ಕಿವಿಗೊಡುತ್ತೇನೆ. ಹುಚ್ಚು ಅನ್ನಿ ಬೇಕಾದರೆ. ಕೂಗು ಬಂದಿಲ್ಲ. ಬಂದರೂ ನಾನು ನಂಬುವುದು ಹೇಗೆ? ತಣ್ಣಗಾದ ಮಗನನ್ನು ಎದೆಗವಚಿಕೊಂಡು, ನಾನು ಮುಳುಗಬಾರದೆಂದು, ಸುಖವಾಗಿ ಮುಟ್ಟಿದೆ ಎಂದು ಕೂಗಿದವಳು ಅವಳು.