ಗಿರಿಜಾಳ ಫೋನಿನ ಮಂಕು ಬೆಳಕು

ಇದನ್ನು ಯಾರ ಮುಂದೆಯೂ ಆಡಬೇಡ ಎಂದು ನನ್ನ ಗಂಡ ಹೇಳಿದ್ದಾರೆ. "ಮಂದಿ ನಗ್ತಾರ, ಇಲ್ಲಾ ನಿನ್ನ ತಲಿ ಕೆಟ್ಟೈತಿ ಅಂತಾರ" ಎನ್ನುತ್ತಾರೆ. ಅವರೂ ಆ ರಾತ್ರಿ ಪಡಸಾಲೆಯಲ್ಲಿ ನನ್ನ ಪಕ್ಕದಲ್ಲೇ ಕೂತು ಕೇಳಿಸಿಕೊಂಡವರು... ಆದರೂ ಒಪ್ಪುವುದಿಲ್ಲ. ಇರಲಿ. ಒಂದು ಮಾತನ್ನೂ ಹೆಚ್ಚಿಗೆ ಸೇರಿಸದೆ, ನಮ್ಮ ಮನೆಯಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಾವು ಮೂಲದಲ್ಲಿ ಗದಗದ ಕಡೆಯವರು. ಗಂಡನ ಮನೆಯವರು ಅಜ್ಜನ ಕಾಲದಿಂದಲೂ ಚೆನ್ನೈನ ರಾಯಪುರಂನಲ್ಲಿದ್ದಾರೆ. ಕೆಳಗೆ ಅಂಗಡಿ, ಮೇಲೆ ಮನೆ. ದೋಣಿಯವರಿಗೆ ಹಗ್ಗ, ಬಲೆ, ತಾಡಪತ್ರಿ ಮಾರುವ ವ್ಯಾಪಾರ. ನಾನು ಮದುವೆಯಾಗಿ ಬಂದವಳು. ತಮಿಳು ಮಾತಾಡುವುದನ್ನು ಕಲಿತೆ, ಓದುವುದು ಇವತ್ತಿಗೂ ಬರುವುದಿಲ್ಲ.

ಗಿರಿಜಾ ನನ್ನ ಗಂಡನ ತಂಗಿ. ನಾನು ಈ ಮನೆಗೆ ಬಂದಾಗ ಇನ್ನೂ ಸ್ಕೂಲಿಗೆ ಹೋಗುತ್ತಿದ್ದಳು. ಅತ್ತೆ ಇರಲಿಲ್ಲ, ಹಾಗಾಗಿ ಅವಳ ಜಡೆ ಹೆಣೆದದ್ದೂ ನಾನೇ, ಮುಂದೆ ಮದುವೆಯಲ್ಲಿ ಹೂವಿನ ದಂಡೆ ಕಟ್ಟಿದ್ದೂ ನಾನೇ. ಬಾಯಿ ತುಂಬ "ವೈನಿ, ವೈನಿ" ಎಂದು ಕರೆಯುತ್ತ ನನ್ನ ಹಿಂದೆಯೇ ಓಡಾಡುತ್ತಿದ್ದಳು. ಅತ್ತಿಗೆಯನ್ನು ನಮ್ಮ ಕಡೆ ಹಾಗೇ ಕರೆಯುವುದು.

ಅವಳ ಗಂಡ ಮಹೇಶ ಚೆನ್ನೈನದೇ ಮಾಧವರಂನ ಕನ್ನಡದವರ ಮನೆಯ ಹುಡುಗ. ಸರಕು ಹಡಗಿನ ಇಂಜಿನ್ ರೂಮಿನಲ್ಲಿ ಕೆಲಸ. ಮದುವೆಯಾಗಿ ವರ್ಷ ತುಂಬುವ ಮೊದಲೇ ಹಡಗು ಹತ್ತಬೇಕಾಯಿತು. ಅವನು ಹೋದ ಮೇಲೆ ಗಿರಿಜಾ ನಮ್ಮ ಮನೆಗೆ ಬಂದಳು. ಆಮೇಲೆ ತಲೆನೋವು ಶುರುವಾಯಿತು.

ಮೊದಲು ಕನ್ನಡಕ ಬೇಕೇನೋ ಅಂದುಕೊಂಡೆವು. ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ತಲೆಯಲ್ಲಿ ಗಡ್ಡೆ ಎಂದು ಗೊತ್ತಾಯಿತು. ಆಪರೇಷನ್ ಆಯಿತು. ಮತ್ತೆ ಬೆಳೆಯಿತು. ಡಾಕ್ಟರು ನನ್ನ ಗಂಡನನ್ನು ಪಕ್ಕಕ್ಕೆ ಕರೆದು, ಮನೆಗೆ ಕರಕೊಂಡು ಹೋಗಿ, ಅವರಿಗೆ ಇಷ್ಟವಾದದ್ದು ಕೊಡಿ ಎಂದರು.

ಬೆಳಕು ಎಂದರೆ ಅವಳಿಗೆ ಪ್ರಾಣ ಹೋಗುತ್ತಿತ್ತು. ಬಾಗಿಲ ಸಂದಿಯಿಂದ ಒಂದು ಗೆರೆ ಬಿಸಿಲು ಬಿದ್ದರೂ ದಿಂಬಿಗೆ ಮುಖ ಒತ್ತಿಕೊಂಡು ನರಳುತ್ತಿದ್ದಳು. ಅಂಗಡಿಯ ಕಪ್ಪು ತಾಡಪತ್ರಿಯನ್ನೇ ತಂದು ಅವಳ ಕೋಣೆಯ ಕಿಟಕಿಗೆ ಹೊಡೆದೆವು. ಹಗಲೂ ರಾತ್ರಿಯೇ. ಒಳಗೆ ತಲೆನೋವಿನ ಮುಲಾಮಿನ ವಾಸನೆ, ಹೊರಗಿನಿಂದ ಮೀನಿನ ವಾಸನೆ, ಬಂದರಿಗೆ ಹೋಗುವ ಲಾರಿಗಳ ಗುಡುಗು... ಅಷ್ಟೇ ಅವಳ ಪ್ರಪಂಚ.

ಇಷ್ಟರ ಮಧ್ಯೆ ಅವಳು ಕಾಯುತ್ತಿದ್ದುದು ಒಂದೇ. ಮಹೇಶನ ಮೆಸೇಜ್.

ನಡುಸಮುದ್ರದಲ್ಲಿ ನೆಟ್‌ವರ್ಕ್ ಅಷ್ಟಕ್ಕಷ್ಟೆ. ಮಾತಾಡಲು ಆಗುತ್ತಿರಲಿಲ್ಲ, ಬರೆದದ್ದು ಮಾತ್ರ ಹೇಗೋ ತಲುಪುತ್ತಿತ್ತು. ಅವನಿಗೆ ಕನ್ನಡ ಬರೆಯಲು ಬಾರದು. ಕನ್ನಡದ ಮಾತನ್ನೇ ತಮಿಳು ಅಕ್ಷರಗಳಲ್ಲಿ ಬರೆಯುತ್ತಿದ್ದ. ನನಗೆ ಓದಲು ಬರದು. ಅಣ್ಣನ ಕೈಗೆ ಕೊಟ್ಟು ಓದಿಸಿಕೊಳ್ಳಲು ಅವಳಿಗೆ ನಾಚಿಕೆ.

"ಗಂಡ ಬರ್ದಿದ್ದನ್ನ ಅಣ್ಣನ ಬಾಯಾಗ ಕೇಳ್ಲೇನು ವೈನಿ?" ಎಂದು ಆ ನೋವಿನಲ್ಲೂ ನಕ್ಕಳು.

ಫೋನಿನ ಬೆಳಕನ್ನು ಪೂರ್ತಿ ಕಡಿಮೆ ಮಾಡಿದೆ. ಅವಳಿಗೆ ಅದೂ ಸೂಜಿ ಚುಚ್ಚಿದ ಹಾಗೆ. ಹಿನ್ನೆಲೆ ಕಪ್ಪು ಮಾಡಿದೆ. ಆಗಲಿಲ್ಲ. ಅವಳದೇ ತಲೆಯ ಸ್ಕ್ಯಾನಿನ ಕರಿ ಫಿಲ್ಮ್ ಇತ್ತಲ್ಲ, ಅದನ್ನು ಫೋನಿನ ಮೇಲಿಟ್ಟು ಹಿಡಿದೆ. ಬೆಳಕೇನೋ ತಗ್ಗಿತು, ಆದರೆ ಆ ತಲೆಬುರುಡೆಯ ಚಿತ್ರದ ಹಿಂದೆ ಗಂಡನ ಅಕ್ಷರಗಳನ್ನು ಹುಡುಕುತ್ತಿರುವ ಅವಳನ್ನು ನೋಡಲಾರದೆ ನಾನೇ ಕಿತ್ತುಕೊಂಡೆ.

ಒಂದು ಮಧ್ಯಾಹ್ನ ಸೆಟ್ಟಿಂಗ್ಸ್ ಒಳಗೆಲ್ಲ ಕೈಯಾಡಿಸುತ್ತಿದ್ದಾಗ, ಕಣ್ಣು ಕಿವಿ ಸರಿಯಿಲ್ಲದವರಿಗೆ ಎಂದು ಇರುವ ಜಾಗದಲ್ಲಿ 'ಎಕ್ಸ್ಟ್ರಾ ಡಿಮ್' ಎಂದು ಕಂಡಿತು. ಫೋನಿನ ಕನಿಷ್ಠ ಬೆಳಕಿಗಿಂತಲೂ ಕೆಳಗೆ ಇಳಿಸುವಂಥದ್ದು. ಅದನ್ನು ಕೊನೆಯ ತುದಿಯವರೆಗೆ ಎಳೆದೆ. ಫೋನ್ ಸತ್ತೇಹೋಯಿತು ಅಂದುಕೊಂಡೆ. ಆದರೆ ಅವಳ ಕತ್ತಲ ಕೋಣೆಗೆ ಹೋಗಿ ಸ್ವಲ್ಪ ಹೊತ್ತು ಕೂತ ಮೇಲೆ, ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ... ಬೂದಿ ಬಣ್ಣದ ಅಕ್ಷರಗಳು ಮೆಲ್ಲಗೆ ಎದ್ದು ಬಂದವು.

"ಇದು ಚುಚ್ಚಂಗಿಲ್ಲ ವೈನಿ..." ಎಂದಳು. ನಿಧಾನವಾಗಿ ಮೇಲಕ್ಕೆ ಸರಿಸುತ್ತ, ನಿಲ್ಲಿಸುತ್ತ, ಮತ್ತೆ ಸರಿಸುತ್ತ ಓದಿದಳು. ಏನಾದರೂ ಇಷ್ಟವಾದರೆ ಮೂಗಿನಲ್ಲೇ "ಹ್ಞು" ಎಂದು ಸಣ್ಣಗೆ ನಗುವುದು ಅವಳ ರೂಢಿ. ಆ ದಿನ ಎಷ್ಟು ಸಲ ಕೇಳಿತೋ!

ಮಹೇಶನ ಹಡಗು ದಡ ಸೇರುವ ಮೊದಲೇ ಗಿರಿಜಾ ಹೋದಳು.

ಅವನು ಬರುವವರೆಗೆ ದೇಹವನ್ನು ಇಡುವಂತಿರಲಿಲ್ಲ. ಮುಖವನ್ನೂ ಅವನು ನೋಡಲಿಲ್ಲ. ಅವಳದೊಂದು ಫೋಟೋ ಹುಡುಕಿ ಕಟ್ಟು ಹಾಕಿಸಬೇಕೆಂದು ನನ್ನ ಗಂಡ ಅವಳ ಫೋನ್ ತೆರೆದಾಗ ಏನೂ ಕಾಣಲಿಲ್ಲ. ನಾನೇ ಆ ಎಕ್ಸ್ಟ್ರಾ ಡಿಮ್ ತೆಗೆದು, ಬೆಳಕು ಪೂರ್ತಿ ಏರಿಸಿ ಕೊಟ್ಟೆ. ಇದನ್ನು ನೆನಪಿಟ್ಟುಕೊಳ್ಳಿ. ನನ್ನ ಕೈಯಿಂದಲೇ ತೆಗೆದೆ. ಆಮೇಲೆ ಫೋನನ್ನು ಅವಳ ಮಂಚದ ಪಕ್ಕದ ಗೂಡಿನಲ್ಲಿ ಚಾರ್ಜಿಗೆ ಹಾಕಿಟ್ಟೆವು. ಆಫ್ ಮಾಡಲು ಯಾರಿಗೂ ಮನಸ್ಸು ಬರಲಿಲ್ಲ.

ಕಾರ್ಯ ಮುಗಿದ ಮೇಲೆ ಒಂದು ದಿನ ನಸುಕಿನಲ್ಲಿ ನನ್ನ ಫೋನಿಗೆ ಕರೆ ಬಂತು. ಮಹೇಶ. ಹಡಗು ಯಾವುದೋ ಬಂದರಿನ ಹತ್ತಿರ ಬಂದಿತ್ತಂತೆ.

"ಅಕ್ಕಾ, ಉಣ್ಮೆ ಹೇಳಿ, ನಿಜ ಹೇಳಿ. ಗಿರಿಜಾ ಅಲ್ಲೇ ಇದಾಳೆ ಅಲ್ವಾ?"

ನಾನು ಹಾಸಿಗೆಯಲ್ಲಿ ಎದ್ದು ಕೂತೆ.

"ನಾನು ದಿನಾ ರಾತ್ರಿ ಅವಳಿಗೆ ಬರೀತಾ ಇದೀನಿ ಅಕ್ಕಾ. ಬರೀದೆ ಇರೋಕೆ ಆಗ್ಲಿಲ್ಲ. ಸುಮ್ನೆ ಮನಸ್ಸಿನ ಸಮಾಧಾನಕ್ಕೆ... ಆದ್ರೆ ಎಲ್ಲದಕ್ಕೂ ಬ್ಲೂ ಟಿಕ್ ಬರ್ತಿದೆ. ಯಾರೋ ಓದ್ತಾ ಇದಾರೆ. ನಾನು ಬಾಡಿ ನೋಡಿಲ್ಲ ಅಕ್ಕಾ. ನೀವೆಲ್ಲಾ ಏನೋ ಮುಚ್ಚಿಡ್ತಾ ಇದೀರಿ. ಅವಳಿದಾಳೆ ಅಂತ ಹೇಳಿಬಿಡಿ, ಸಾಕು."

"ಮಹೇಶ್ ಅವರ... ನಾನೇ ನೀರು ಹಾಕಿದ್ದು. ನಾನೇ ಸೀರಿ ಉಡಿಸಿದ್ದು. ಈ ಕೈಲೇ ಮಣ್ಣು ಹಾಕೇನ್ರಿ."

ಆ ಕಡೆ ಅವನು ಅಳುವುದು ಕೇಳಿತು. ಬಹಳ ಹೊತ್ತಿನ ಮೇಲೆ ಒಂದೇ ಪ್ರಶ್ನೆ.

"ಹಾಗಾದ್ರೆ ಓದ್ತಿರೋದು ಯಾರು?"

ನನ್ನ ಗಂಡ ಸುದ್ದಿ ಕೇಳಿ ಸಿಟ್ಟಾದರು. ಗಿರಿಜಾಳ ಫೋನಿನಲ್ಲಿ ಅವನ ಮೆಸೇಜಿನ ಪುಟ ತೆರೆದೇ ಉಳಿದಿರಬೇಕು, ಅದಕ್ಕೇ ಹಾಗೆ ಬರುತ್ತಿದೆ ಎಂದರು. ಹೋಗಿ ನೋಡಿದರು. ಪುಟ ಮುಚ್ಚಿತ್ತು, ಫೋನ್ ಲಾಕ್ ಆಗಿತ್ತು. ಮುಖ ಸಪ್ಪಗಾಯಿತು.

"ಆ ಹುಡುಗ ಹುಚ್ಚ ಆಗ್ತಾನ. ಇವತ್ತ ಅದನ್ನ ಆಫ್ ಮಾಡಿ ಇಡು" ಎಂದರು.

ಆಫ್ ಮಾಡಲೆಂದೇ ಆ ರಾತ್ರಿ ಕೋಣೆಗೆ ಹೋದೆ. ಆದರೆ ಒಮ್ಮೆ ಕಣ್ಣಾರೆ ನೋಡಿಯೇ ಬಿಡಬೇಕು ಅನ್ನಿಸಿತು. ಏನೋ ಒಂದು ಕಾರಣ ಸಿಕ್ಕರೆ ಮಹೇಶನಿಗೆ ಹೇಳಬಹುದಲ್ಲ. ಫೋನನ್ನು ಗೂಡಿನಿಂದ ತೆಗೆದು ಅವಳ ದಿಂಬಿನ ಮೇಲಿಟ್ಟೆ. ದೀಪ ಆರಿಸಿ, ಬಾಗಿಲು ಹಾಕಿ, ಕೆಳಗೆ ಚಾಪೆಯ ಮೇಲೆ ಕೂತೆ.

ಕಗ್ಗತ್ತಲೆ. ಕಿಟಕಿಯ ತಾಡಪತ್ರಿ ಗಾಳಿಗೆ ಪಟಪಟ ಎನ್ನುತ್ತಿತ್ತು. ದೂರದಲ್ಲಿ ಒಂದು ಹಡಗು ಕೂಗಿತು...

ದಿಂಬಿನ ಮೇಲೆ ಫೋನ್ ಗುರ್ರ್ ಎಂದಿತು. ಮೆಸೇಜ್ ಬಂದಿತ್ತು. ಈಗ ಬೆಳಕು ಹತ್ತುತ್ತದೆ ಎಂದು ಕಣ್ಣು ಕಿರಿದು ಮಾಡಿ ಕಾದೆ. ಹತ್ತಲಿಲ್ಲ. ಎಲ್ಲ ಕಪ್ಪು. ನೋಡು, ಏನೂ ಇಲ್ಲ ಎಂದು ನನಗೆ ನಾನೇ ಧೈರ್ಯ ಹೇಳಿಕೊಂಡು ಹಾಗೇ ಕೂತೆ.

ನಿಧಾನವಾಗಿ ಕಣ್ಣು ಕತ್ತಲಿಗೆ ಒಗ್ಗತೊಡಗಿತು. ಮೊದಲು ಮಂಚದ ಕಾಲು ಕಂಡಿತು. ಆಮೇಲೆ ಗೋಡೆಯ ಗೂಡು. ಆಮೇಲೆ ದಿಂಬಿನ ಅಂಚು...

ದಿಂಬಿನ ಅಂಚು ಹೇಗೆ ಕಾಣುತ್ತಿದೆ ಎಂದು ನೋಡಿದೆ. ಮೈ ತಣ್ಣಗಾಯಿತು.

ಫೋನ್ ಉರಿಯುತ್ತಿತ್ತು. ಈಗ ಹತ್ತಿದ್ದಲ್ಲ... ಮೊದಲಿನಿಂದಲೂ ಹತ್ತಿಕೊಂಡೇ ಇತ್ತು. ನನ್ನ ಕಣ್ಣಿಗೆ ಇಷ್ಟು ಹೊತ್ತು ಕಂಡಿರಲಿಲ್ಲ, ಅಷ್ಟೆ. ನಾನೇ ತೆಗೆದುಹಾಕಿದ್ದ ಆ ಮಂಕು, ಕನಿಷ್ಠಕ್ಕಿಂತ ಕೆಳಗಿನ ಆ ಬೂದಿ ಬೆಳಕು.

ಅಕ್ಷರಗಳು ಮೇಲಕ್ಕೆ ಸರಿಯುತ್ತಿದ್ದವು. ಸ್ವಲ್ಪ ಸರಿದು ನಿಲ್ಲುವುದು. ಮತ್ತೆ ಸರಿಯುವುದು.

ಮುಲಾಮಿನ ವಾಸನೆ ಗಪ್ಪೆಂದು ಬಂತು. ಆ ಡಬ್ಬಿಗಳನ್ನೆಲ್ಲ ನಾನೇ ಎಂದೋ ಎಸೆದಿದ್ದೆ.

ಚಾಪೆಯ ಮೇಲೆ ಬಾಗಿಲ ಕಡೆಗೆ ಹಿಂದೆ ಸರಿದೆ. ಆಗ ಕೇಳಿತು. ದಿಂಬಿನ ಹತ್ತಿರದಿಂದ, ತೀರ ಸಣ್ಣಗೆ... "ಹ್ಞು."

ನನ್ನ ಹೆದರಿಕೆ ಎಲ್ಲಿ ಹೋಯಿತೋ. ಎದೆ ಒಡೆದುಹೋಯಿತು.

"ಗಿರಿಜಾ..." ಎಂದೆ.

ಅಕ್ಷರಗಳು ಥಟ್ಟನೆ ನಿಂತವು. ಆ ಮಂಕಿನಲ್ಲಿ ದಿಂಬು ಒಂದು ಕಡೆ ತಗ್ಗಾಗಿರುವುದು ಕಂಡಿತು. ಅದಕ್ಕಿಂತ ಹೆಚ್ಚೇನೂ ಕಾಣಲಿಲ್ಲ, ಕಂಡಿತು ಎಂದು ನಾನು ಸುಳ್ಳು ಹೇಳುವುದಿಲ್ಲ. ಉಸಿರು ಹಿಡಿದು ಕೂತೆ. ಅವಳೂ ಕಾಯುತ್ತಿದ್ದಾಳೆ ಅನ್ನಿಸಿತು. ನಾನೆಲ್ಲಿ ಫೋನ್ ಕಸಿದುಕೊಳ್ಳುತ್ತೇನೋ ಎಂದು.

"ಓದವ್ವಾ. ನೀ ಓದು. ನಾ ಏನೂ ಮಾಡಂಗಿಲ್ಲ..."

ಸ್ವಲ್ಪ ಹೊತ್ತು ಬಿಟ್ಟು, ಅಕ್ಷರಗಳು ಮತ್ತೆ ಸರಿಯತೊಡಗಿದವು.

ಕೆಳಗೆ ಬೀದಿಯಲ್ಲಿ ಮೀನಿನ ಬುಟ್ಟಿಯವರ ಗಲಾಟೆ ಶುರುವಾಗುವವರೆಗೂ ನಾನು ಅಲ್ಲೇ ಕೂತಿದ್ದೆ. ಫೋನ್ ಆಫ್ ಮಾಡಲಿಲ್ಲ. ಗಂಡನಿಗೆ ಎಲ್ಲ ಹೇಳಿದೆ. ಅವರು ನನ್ನ ಹಣೆ ಮುಟ್ಟಿ ಜ್ವರ ನೋಡಿದರು. ಮಹೇಶನಿಗೆ ಏನೂ ಹೇಳಲಿಲ್ಲ. "ನೀವ್ ಮೊದಲ ಮನಿಗೆ ಬರ್ರಿ" ಎಂದಷ್ಟೇ ಹೇಳಿದೆ.

ಅವನು ಬಂದದ್ದು ಒಂದು ಸಂಜೆ. ಗುರುತು ಸಿಗದಷ್ಟು ಇಳಿದುಹೋಗಿದ್ದ. ಬ್ಯಾಗಿನಿಂದ ಒಂದು ತಂಪು ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟ. ದಾರಿಯ ಯಾವುದೋ ಬಂದರಿನಲ್ಲಿ ಅವಳಿಗೆಂದು ಕೊಂಡಿದ್ದನಂತೆ.

"ಅಂಗಡೀಲಿ ಇರೋದ್ರಲ್ಲೇ ರೊಂಬ ಕಪ್ಪಾಗಿರೋದು ಕೇಳಿ ತಗೊಂಡೆ ಅಕ್ಕಾ" ಎಂದ.

ನಾವು ಮೂವರೂ ಸರಿಯಾಗಿ ಊಟ ಮಾಡಲಿಲ್ಲ. ಅವಳ ಕೋಣೆಯಲ್ಲೇ ಮಲಗುತ್ತೇನೆ ಎಂದ. ಬೇಡ ಎನ್ನಲು ನನ್ನ ಗಂಡ ಬಾಯಿ ತೆರೆದರು, ನಾನು ಕಣ್ಣಲ್ಲೇ ತಡೆದೆ.

ಒಳಗೆ ಹೋಗಿ ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದ. ಕೈಯಲ್ಲಿ ಅವನದೇ ಫೋನ್.

"ಅಕ್ಕಾ, ಇದಕ್ಕೇನೋ ಆಗ್ಹೋಯ್ತು. ನಮ್ಮಿಬ್ಬರ ಹಳೇ ಮೆಸೇಜ್ ನೋಡ್ತಾ ಇದ್ದೆ. ನೋಡ್ತಾ ನೋಡ್ತಾ ಮಂಕಾಗಿ... ಪೂರ್ತಿ ಕಪ್ಪಾಯ್ತು. ಈಗ ಮೈಯೆಲ್ಲಾ ಯಾಕೋ..."

ಅವನ ತೋಳಿನ ಕೂದಲು ನಿಮಿರಿ ನಿಂತಿದ್ದವು. ನನ್ನ ದನಿ ನನಗೇ ಬೇರೆಯವರದು ಅನ್ನಿಸಿತು.

"ಕೆಟ್ಟಿಲ್ರಿ ಅದು. ಲೈಟ್ ಆರಿಸಿ, ಸ್ವಲ್ಪ ಹೊತ್ತು ಸುಮ್ನ ಕೂಡ್ರಿ. ಕಾಣಸ್ತೈತಿ."

ಅವನು ನನ್ನ ಮುಖವನ್ನೇ ನೋಡಿದ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಬಾಗಿಲ ಸಂದಿಯಲ್ಲಿದ್ದ ದೀಪದ ಗೆರೆ ಆರಿತು.

ನಾನೂ ನನ್ನ ಗಂಡನೂ ಪಡಸಾಲೆಯಲ್ಲಿ ಕೂತೆವು. ಮೊದಲು ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಅವನು ಬಿಕ್ಕಿದ್ದು ಕೇಳಿತು. ಆಮೇಲೆ ಮಾತು. ಮೆಲ್ಲನೆಯ ಮಾತು, ಪದಗಳು ತಿಳಿಯುತ್ತಿರಲಿಲ್ಲ. ಸ್ವಲ್ಪ ಮಾತಾಡುವನು, ನಿಲ್ಲಿಸುವನು. ನಿಲ್ಲಿಸಿದಾಗ ಸುಮ್ಮನೆ ನಿಲ್ಲಿಸಿದಂತಿರಲಿಲ್ಲ. ಕೇಳಿಸಿಕೊಳ್ಳುವವರು ನಡುನಡುವೆ "ಹ್ಞಾಂ... ಹ್ಞಾಂ..." ಎನ್ನುತ್ತಾರಲ್ಲ, ಹಾಗೆ ಅವನೂ ಎನ್ನುತ್ತಿದ್ದ.

ನನ್ನ ಗಂಡ ನನ್ನ ಕೈ ಹಿಡಿದುಕೊಂಡರು. ಅವರ ಅಂಗೈ ಒದ್ದೆಯಾಗಿತ್ತು.

"ಫೋನ್ಯಾಗ ಯಾರ ಜೋಡಿಯೋ ಮಾತಾಡ್ತಿರಬೇಕು" ಎಂದರು. ನಾನು ಹೂಂ ಎಂದೆ.

ಬೆಳಗಾದ ಮೇಲೆ ಮಹೇಶ ಹೊರಗೆ ಬಂದ. ಕಣ್ಣು ಊದಿದ್ದವು, ಆದರೆ ಮುಖ ತಿಳಿಯಾಗಿತ್ತು. ಕಾಫಿ ಕುಡಿದ. ಲೋಟ ಕೆಳಗಿಟ್ಟು ಹೇಳಿದ.

"ಅಕ್ಕಾ, ಆ ಕಿಟಕಿ ತಾಡಪತ್ರಿ ತೆಗೆಸಿಬಿಡಿ. ಬೆಳಕು ಬಂದ್ರೆ ಈಗ ಪರವಾಗಿಲ್ಲವಂತೆ."

ಯಾರಂತೆ ಎಂದು ನಾವು ಇಬ್ಬರೂ ಕೇಳಲಿಲ್ಲ.

ಅವತ್ತೇ ತೆಗೆಸಿದೆವು. ಎಷ್ಟೋ ಕಾಲದ ಮೇಲೆ ಆ ಕೋಣೆಯೊಳಗೆ ಬಿಸಿಲು ಬಿತ್ತು. ಮಹೇಶ ಮಾಧವರಂಗೆ ಹೋದ, ಮುಂದೆ ಮತ್ತೆ ಹಡಗು ಹತ್ತಿದ. ಅವಳ ಫೋನನ್ನು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಆ ರಾತ್ರಿಯ ನಂತರ ಅವನು ಅವಳಿಗೆ ಒಂದೇ ಒಂದು ಮೆಸೇಜನ್ನೂ ಕಳಿಸಿಲ್ಲ. ಯಾಕೆ ಎಂದು ನಾನು ಒಮ್ಮೆ ಕೇಳಿಯೇಬಿಟ್ಟೆ. "ಬೇಡ ಅಕ್ಕಾ, ಬಿಡಿ" ಎಂದು ಬೇರೆ ಮಾತು ಎತ್ತಿದ.

ಆ ಕೋಣೆಯ ಒಳಗೇನು ಮಾತಾಯಿತೋ, ಅವನಿಗೆ ಗೊತ್ತು, ಅವಳಿಗೆ ಗೊತ್ತು. ನನಗೆ ತಿಳಿದದ್ದು ಇಷ್ಟೇ. ಗೂಡಿನಲ್ಲಿರುವ ಫೋನನ್ನು ನಾನು ಈಗಲೂ ಚಾರ್ಜ್ ಮಾಡುತ್ತೇನೆ. ರಾತ್ರಿ ಆ ಕೋಣೆಗೆ ಹೋಗಬೇಕಾಗಿ ಬಂದರೆ ಬಾಗಿಲಲ್ಲೇ ಸ್ವಿಚ್ ಒತ್ತಿಬಿಡುತ್ತೇನೆ. ಕತ್ತಲಿಗೆ ಕಣ್ಣು ಒಗ್ಗುವಷ್ಟು ಹೊತ್ತು ಅಲ್ಲಿ ನಿಲ್ಲುವ ಧೈರ್ಯ ಇನ್ನೂ ಬಂದಿಲ್ಲ... ಏನಾದರೂ ಕಂಡೀತೆಂಬ ಭಯವೋ, ಏನೂ ಕಾಣದೆ ಹೋದೀತೆಂಬ ಭಯವೋ, ನನಗೇ ತಿಳಿಯದು.