ಗೋಡೆಯನ್ನು ಎರಡು ಕಡೆಯಿಂದ ನೋಡುವ ಅಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಹೋಗುವ ಮೆಟ್ಟಿಲ ಪಕ್ಕ, ಇಸ್ತ್ರಿಪೆಟ್ಟಿಗೆಯಷ್ಟಿರುವ ಯಂತ್ರವೊಂದನ್ನು ಗೋಡೆಗೊತ್ತಿ ಗೇಣು ಗೇಣಾಗಿ ಸರಿಸುತ್ತಿದ್ದಾರೆ ಅಕ್ಕ. ಜೊತೆಯವರ ಬಾಯಲ್ಲಿ ಇವರು 'ಅಲೆಯಕ್ಕ'. ಯಂತ್ರ ಗೋಡೆಯೊಳಕ್ಕೆ ರೇಡಿಯೋ ಅಲೆಗಳನ್ನು ಕಳಿಸುತ್ತದೆ, ತಿರುಗಿ ಬಂದದ್ದನ್ನು ಹಿಡಿದಿಡುತ್ತದೆ. ಮಿಕ್ಕಿದ್ದೆಲ್ಲ ಗಣಿತ ಓದಿದ ಅಕ್ಕ ತಾವೇ ಕೂತು ಬರೆದ ಲೆಕ್ಕ. ಗೋಡೆಯ ಒಂದೊಂದು ಚುಕ್ಕೆಯನ್ನೂ ಹಿಡಿದು, ಇಲ್ಲಿ ಬಿರುಕಿದ್ದರೆ ಅಲೆಗಳು ಹೀಗೇ ಮರಳುತ್ತಿದ್ದವೇ ಎಂದು ಅದು ಪರೀಕ್ಷಿಸುತ್ತದೆ. ತಾಳೆಯಾದ ಚುಕ್ಕೆಗಳು ಪರದೆಯ ಮೇಲೆ ಬೆಳಗುತ್ತವೆ.

ಇಂದು ಪರದೆ ಖಾಲಿ. ಬಣ್ಣ ಬಳಿಸಲು ತುದಿಗಾಲಲ್ಲಿ ನಿಂತಿರುವ ಕಂಟ್ರಾಕ್ಟರ್ ಇನ್ನು ಶುರು ಮಾಡೋಣವೇ ಎನ್ನುತ್ತಾನೆ. ಅಕ್ಕ ಜಗ್ಗುವುದಿಲ್ಲ. ಗೋಡೆಯ ಕೊನೆಗೆ ಒರಗಿಸಿದ ಕಬ್ಬಿಣದ ಬೀರು ಸರಿಸಿ, ಪಕ್ಕದಿಂದಲೂ ನೋಡಬೇಕು ಎನ್ನುತ್ತಾರೆ. ಬೀರು ಎಳೆಯುವವರು, ಇವರಿಗೆ ಬೀರು ಸರಿಸದಿದ್ದರೆ ತಿಂದದ್ದು ಅರಗುವುದಿಲ್ಲ ಎಂದು ಗೊಣಗುತ್ತಾರೆ.

"ಕಾಗದದ ಅಂಚನ್ನ ಕಣ್ಣಿಗೆ ನೇರ ಹಿಡಿದ್ರೆ ಏನು ಕಾಣುತ್ತೆ ಹೇಳಿ? ತೆಳು ಬಿರುಕೂ ಹಾಗೇ. ಅಲೆ ಅದರ ಉದ್ದಕ್ಕೇ ಹೋದ್ರೆ ಸುಮ್ನೆ ದಾಟಿಬಿಡುತ್ತೆ. ಅಲೆ ಅಡ್ಡ ಬಂದ್ರೆ ಬಿರುಕು ಸಿಕ್ಕಿಬೀಳುತ್ತೆ," ಎನ್ನುತ್ತಾರೆ ಅಕ್ಕ.

ಪುಸ್ತಕದಲ್ಲಿ ಇದನ್ನು ಎಂದೋ ಓದಿದ್ದರು. ಆದರೂ ಕೆಲಸಕ್ಕೆ ಸೇರಿದ ಹೊಸತರಲ್ಲಿ ಗೋದಾಮಿನ ಗೋಡೆಯೊಂದನ್ನು ಎದುರಿನಿಂದ ಮಾತ್ರ ನೋಡಿದರು. ಪಕ್ಕದಲ್ಲಿ ಮೂಟೆಗಳ ರಾಶಿಯಿತ್ತು, ತೆಗೆಸಿ ಎನ್ನಲು ಸಂಕೋಚ. ಪರದೆ ಖಾಲಿಯಿತ್ತು, ಗೋಡೆ ಗಟ್ಟಿಯಿದೆ ಎಂದುಬಿಟ್ಟರು. ಅದಕ್ಕೆ ಬಣ್ಣ ಬಳಿಯಲು ಬಂದವನು ಒಡಹುಟ್ಟಿದ ತಮ್ಮ. ಆ ಕೆಲಸ ಕೊಡಿಸಿದ್ದೂ ಅಕ್ಕನೇ. ಗೋಡೆ ಅವನ ಮೇಲೆಯೇ ಕುಸಿಯಿತು. ಅವನು ಉಳಿಯಲಿಲ್ಲ.

"ಅಮ್ಮ ಒಂದು ಮಾತೂ ಬೈಲಿಲ್ಲ," ಎನ್ನುತ್ತಾರೆ ಅಕ್ಕ, ಯಂತ್ರದ ವಯರು ಸುತ್ತುತ್ತ. "ಬೈದಿದ್ರೆ ಚೆನ್ನಾಗಿರ್ತಿತ್ತು." ಆಮೇಲೆ ಯಂತ್ರವನ್ನು ಬೀರು ಇದ್ದ ಜಾಗಕ್ಕೆ ಒಯ್ಯುತ್ತಾರೆ.

ಪಕ್ಕದಿಂದ ನೋಡಿದ ಮೇಲೆ ಪರದೆಯಲ್ಲಿ ಸೂರಿನಿಂದ ಕಿಟಕಿಯವರೆಗೆ ಕೂದಲೆಳೆಯಂಥ ಗೆರೆ ಬೆಳಗುತ್ತದೆ. ಮೆಟ್ಟಿಲಿಗೆ ಹಗ್ಗ ಕಟ್ಟುತ್ತಾರೆ. ಮಕ್ಕಳು ಸುತ್ತುಬಳಸಿನ ದಾರಿ ಹಿಡಿಯುತ್ತಾರೆ. ಕೆಲಸ ಕೆಟ್ಟಿತೆಂದು ಕಂಟ್ರಾಕ್ಟರ್ ಮುಖ ಗಂಟಿಕ್ಕುತ್ತಾನೆ. ಅಕ್ಕನಿಗೆ ಒಂದು ಲೋಟ ಕಾಫಿ ಕೊಡಬೇಕೆಂದು ಯಾರಿಗೂ ತೋಚುವುದಿಲ್ಲ.

ಸಂಜೆ ಮನೆ. ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿರುವ ಅಮ್ಮ ತಲೆಯೆತ್ತುವುದಿಲ್ಲ. ಮಗಳ ಗಣಿತದಲ್ಲಿ ಅವರಿಗೆ ಗೊತ್ತಿರುವುದು ಒಂದೇ ಸಂಗತಿ, ದಿನವೂ ಅದನ್ನೇ ಕೇಳುತ್ತಾರೆ.

"ಎರಡೂ ಕಡೆಯಿಂದ ನೋಡಿದ್ಯೇನೇ?"

"ನೋಡಿದೆ ಅಮ್ಮ."

ಹೊರಡುವಾಗ, ನಿಮಗೇನಾದರೂ ಆಸೆಯಿದೆಯೇ ಎಂದು ನಾವು ಕೇಳಿದರೆ, ಬಾಗಿಲವರೆಗೆ ಬಂದು ದನಿ ತಗ್ಗಿಸುತ್ತಾರೆ ಅಕ್ಕ. "ಅಮ್ಮ ಒಂದಿನ ಇದನ್ನ ಕೇಳೋದು ಮರೀಲಿ. ಅವತ್ತೂ ನಾನು ಬೀರು ಸರಿಸೇ ನೋಡ್ತೀನಿ."