ಉಳಿದ ಮೂರು ವಾಕ್ಯಗಳು

ಭಾಷಾವಿಜ್ಞಾನ ವಿಭಾಗದಲ್ಲಿ ಅವಳ ಸಂಶೋಧನೆಗೆ ಆರು ವರ್ಷ ತುಂಬಿತ್ತು. ತಂದೆಯ ಕಡೆಯವರ ಹಳೇ ಭಾಷೆಯನ್ನು ಸರಾಗವಾಗಿ ಆಡುವವಳು ಸೋದರತ್ತೆ ಒಬ್ಬಳೇ. ಇಡೀ ಪ್ರಬಂಧ ಆ ಬಾಯಿಂದಲೇ ಬಂದದ್ದು. ಇನ್ನು ಮೂರೇ ವಾಕ್ಯ ಕೇಳಿ ಬರೆದುಕೊಳ್ಳಬೇಕು ಎನ್ನುವಾಗ ಅತ್ತೆ ಆಸ್ಪತ್ರೆ ಸೇರಿದಳು. ಸೋಮವಾರವೇ ಕಡೇ ದಿನ ಎಂದು ಗೈಡ್ ಬೇರೆ ಗುಡುಗಿದ್ದರು.

ಅವಳು ಮಂಚದ ಪಕ್ಕ ಕೂತಳು. ತಾನು ಹೆದರಿದ್ದು ಅತ್ತೆಗಾಗಿಯೋ ಪ್ರಬಂಧಕ್ಕಾಗಿಯೋ ಎಂದು ಅವಳಿಗೇ ತಿಳಿಯಲಿಲ್ಲ. ನಾಚಿಕೆಯಾಗಿ, ಪ್ರಶ್ನಾವಳಿಯಿದ್ದ ಚೀಲವನ್ನು ಕಾಲಿನಿಂದ ಮಂಚದಡಿಗೆ ತಳ್ಳಿದಳು.

"ಕಳ್ಳಿ, ತೆಗಿ ಅದನ್ನ. ಎಷ್ಟು ಉಳಿದಿದೆ?" ಅತ್ತೆ ಕಣ್ಣು ಬಿಡದೆಯೇ ಕೇಳಿದಳು.

"ಮೂರು, ಅತ್ತೆ."

"ದಿನಕ್ಕೊಂದೇ ಹೇಳೋದು. ಮೂರೂ ಇವತ್ತೇ ಹೇಳಿಬಿಟ್ರೆ, ನಾಳೆ ನೀನ್ಯಾಕೆ ಬರ್ತೀಯ?"